ಮಣ್ಣೆಯ ಬಸದಿಗೆ ಗೆದ್ದವನೂ ಕೊಟ್ಟ ದಾನ

ಪಾಳುಬಿದ್ದ ಗುಡಿಯೊಂದು ಕಣ್ಣಿಗೆ ಬಿದ್ದರೆ ಸಾಕು, 'ಇದನ್ನು ಒಡೆದವರು ಯಾರು?' ಎಂಬ ಪ್ರಶ್ನೆ ನಮ್ಮ ನಾಲಗೆಯ ಮೇಲೆ ಬಂದುಬಿಡುತ್ತದೆ. ಉತ್ತರವೂ ಬಹಳ ಸಲ ಮೊದಲೇ ಸಿದ್ಧವಾಗಿರುತ್ತದೆ. 'ಇದನ್ನು ಇಷ್ಟು ಕಾಲ ಉಳಿಸಿದವರು ಯಾರು?' ಎಂದು ಕೇಳುವವರು ಕಡಿಮೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಹಳ್ಳಿ ನಮಗೆ ಈ ಎರಡನೆಯ ಪ್ರಶ್ನೆಯನ್ನು ಕಲಿಸಿಕೊಡುತ್ತದೆ.

ನೆಲಮಂಗಲ ತಾಲ್ಲೂಕಿನಲ್ಲಿ, ತ್ಯಾಮಗೊಂಡ್ಲಿನ ಬಳಿ ಇರುವ ಮಣ್ಣೆ ಇಂದು ಒಂದು ಸಾಧಾರಣ ಊರು. ಎಂಟನೆಯ ಶತಮಾನದಲ್ಲಿ ಅದರ ಹೆಸರು ಮಾನ್ಯಪುರ. ತಲಕಾಡಿನ ಗಂಗರ ರಾಜನಿವಾಸ. ಆನೆಗಳ ಬಗ್ಗೆ 'ಗಜಶಾಸ್ತ್ರ' ಬರೆದನೆಂದು ಹೆಸರಾದ ಶ್ರೀಪುರುಷ ಇಲ್ಲಿಂದ ಆಳಿದ. 776ರಲ್ಲಿ ಕುಂದಾಚ್ಚಿ ಎಂಬ ಮಹಿಳೆ ಶ್ರೀಪುರದಲ್ಲಿ ಕಟ್ಟಿಸಿದ ಲೋಕತಿಲಕ ಜಿನಾಲಯಕ್ಕೆ ಅವನು ಒಂದು ಗ್ರಾಮವನ್ನು ಬಿಟ್ಟುಕೊಟ್ಟದ್ದು ಮಾನ್ಯಪುರದಲ್ಲಿದ್ದಾಗಲೇ. ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಕಟ್ಟಿಸಿದ ಪೂಜಾಸ್ಥಳ ಅವಳ ಹೆಸರಿನೊಂದಿಗೇ ದಾಖಲೆ ಸೇರಿತೆಂಬುದನ್ನು ನಾವು ಮರೆಯಬಾರದು.

ನಮ್ಮ ಕಥೆ ಆರಂಭವಾಗುವುದು ಅದರ 21 ವರ್ಷಗಳ ನಂತರ. 797ರ ಮಣ್ಣೆಯ ತಾಮ್ರಪಟದ ಪ್ರಕಾರ ಗಂಗರ ಸೇನಾಪತಿ ಶ್ರೀವಿಜಯ ಮಾನ್ಯಪುರದಲ್ಲಿ ಒಂದು ಜಿನಭವನವನ್ನು ಕಟ್ಟಿಸಿದ. ಯುವರಾಜ ಮಾರಸಿಂಹನ ಕಾಲದಲ್ಲಿ ಅದಕ್ಕೆ ಕಿರುವೆಕ್ಕೂರು ಎಂಬ ಗ್ರಾಮ ದಾನವಾಗಿ ಬಂತು. ಕೊಂಡಕುಂದಾನ್ವಯದ ತೋರಣಾಚಾರ್ಯ, ಅವನ ಶಿಷ್ಯ ಪುಷ್ಪನಂದಿ, ಅವನ ಶಿಷ್ಯ ಪ್ರಭಾಚಂದ್ರ ಎಂಬ ಗುರುಪರಂಪರೆಯನ್ನೂ ಅದು ಹೇಳುತ್ತದೆ.

ಗ್ರಾಮದಾನವೆಂದರೇನು? ಕಲ್ಲಿನ ಕಟ್ಟಡ ಪೂಜೆ ಮಾಡುವುದಿಲ್ಲ, ಅನ್ನ ಹಾಕುವುದಿಲ್ಲ, ಮಳೆಗೆ ಸೋರಿದರೆ ತಾನೇ ರಿಪೇರಿ ಮಾಡಿಕೊಳ್ಳುವುದೂ ಇಲ್ಲ. ಅದಕ್ಕೆ ಪ್ರತಿವರ್ಷ ಬರುವ ಆದಾಯ ಬೇಕು. ಊರಿನ ಹುಟ್ಟುವಳಿಯ ಪಾಲು ಅರಮನೆಗೆ ಹೋಗದೆ ಬಸದಿಗೆ ಸೇರಲಿ ಎಂಬುದೇ ಈ ದಾನದ ಮರ್ಮ. ವಕ್ಫ್ ಎಂಬ ಮಾತಿನೊಡನೆ ಬೆಳೆದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರ ಬೇರೆ, ಭಾಷೆ ಬೇರೆ. ಒಮ್ಮೆ ಕೊಟ್ಟದ್ದು ಮತ್ತೆ ಕೊಟ್ಟವನ ಮನೆಗೆ ಮರಳಬಾರದು ಎಂಬ ಆಶಯ ಒಂದೇ.

ಆದರೆ ಕೊಟ್ಟವನ ರಾಜ್ಯವೇ ಕೈಬಿಟ್ಟರೆ? ಗಂಗರಿಗೆ ಆದದ್ದು ಅದೇ. ಶ್ರೀಪುರುಷನ ಮಗ ಇಮ್ಮಡಿ ಶಿವಮಾರನನ್ನು ರಾಷ್ಟ್ರಕೂಟರ ಧ್ರುವ ಸೆರೆಹಿಡಿದು, ಗಂಗವಾಡಿಯನ್ನು ತನ್ನ ಮಗ ಕಂಬನಿಗೆ ವಹಿಸಿದ. ರಣಾವಲೋಕ ಎಂಬ ಬಿರುದಿನ ಈ ಕಂಬ, ಧ್ರುವನ ನಂತರ ಪಟ್ಟಕ್ಕೆ ಬಂದ ತಮ್ಮ ಮುಮ್ಮಡಿ ಗೋವಿಂದನ ಮೇಲೆಯೇ ದಂಗೆ ಎದ್ದು ಸೋತ. ಗೋವಿಂದ ಅವನನ್ನು ಕ್ಷಮಿಸಿ ಗಂಗವಾಡಿಗೇ ಮರಳಿ ಕಳಿಸಿದ. ಶಿವಮಾರನಿಗಾದರೋ ಬಿಡುಗಡೆ ಸಿಕ್ಕರೂ ಮತ್ತೆ ಸೆರೆಮನೆ ತಪ್ಪಲಿಲ್ಲ. ಇಂಥ ಏರುಪೇರಿನ ನಡುವೆ ಶತ್ರುವಿನ ಸೇನಾಪತಿ ಕಟ್ಟಿಸಿದ ಬಸದಿಯ ಗತಿ ಏನಾಗಬೇಕಿತ್ತು?

802ರ ಇನ್ನೊಂದು ಮಣ್ಣೆ ತಾಮ್ರಪಟ ಉತ್ತರ ಕೊಡುತ್ತದೆ. ಅದೇ ಶ್ರೀವಿಜಯ ಕಟ್ಟಿಸಿದ ಬಸದಿಗೆ ಕಂಬ ಇನ್ನೊಂದು ಗ್ರಾಮವನ್ನು ದಾನ ಮಾಡಿದ! ಅದೇ ಗುರುಪರಂಪರೆಯ ಹೆಸರುಗಳು ಅಲ್ಲಿಯೂ ಇವೆ. ಐದು ವರ್ಷಗಳ ಅಂತರದಲ್ಲಿ ಸೋತವರೂ ಗೆದ್ದವರೂ ಒಂದೇ ಬಾಗಿಲಿಗೆ ಕೊಡುಗೆ ತಂದರು. ಇದನ್ನು ಬರೀ ಭಕ್ತಿಯೆಂದು ಹೊಗಳಲು ನಾವು ಹೋಗುವುದಿಲ್ಲ. ಗೆದ್ದ ನಾಡಿನ ಜನ ಒಪ್ಪಬೇಕಾದರೆ ಅವರು ಗೌರವಿಸುವ ಸ್ಥಳವನ್ನು ತಾನೂ ಗೌರವಿಸಬೇಕು ಎಂಬ ಲೆಕ್ಕಾಚಾರ ಕಂಬನಿಗೆ ಇದ್ದಿರಬಹುದು. ಇರಲಿ. ಲೆಕ್ಕಾಚಾರವೂ ಒಂದು ಸಂಸ್ಥೆಯನ್ನು ಉಳಿಸಬಲ್ಲದು. ಆ ಕಾಲದ ದಾನಶಾಸನಗಳ ಕೊನೆಯಲ್ಲಿ ಮುಂದೆ ಬರುವ ಅರಸರಿಗೆ ಎಚ್ಚರಿಕೆ ಇರುವುದು ವಾಡಿಕೆ: ಭೂಮಿಯನ್ನು ಹಲವರು ಆಳಿದ್ದಾರೆ, ಕೊಟ್ಟವನು ಯಾರೇ ಆಗಿರಲಿ, ದಾನವನ್ನು ಕಸಿದವನು ನರಕಕ್ಕೆ ಹೋಗುತ್ತಾನೆ ಎಂದು. ಶಾಪದ ಮಾತು ಅಂದಿನ ಕಾನೂನು ಪುಸ್ತಕದ ಕೆಲಸ ಮಾಡುತ್ತಿತ್ತು.

ಇದರ ಪಕ್ಕದಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯನ್ನು ಇಟ್ಟು ನೋಡೋಣ. ನಾರ್ಫೋಕ್ ಪ್ರಾಂತದ ಬಿನಮ್‌ನಲ್ಲಿ 1091ರ ಸುಮಾರಿಗೆ ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ ಸ್ಥಾಪನೆಯಾಯಿತು. ಅದಕ್ಕೂ ಜಮೀನುಗಳೇ ಆಧಾರ. 1539ರಲ್ಲಿ ಅದನ್ನು ಮುಚ್ಚಿಸಿದ್ದು ಪರಧರ್ಮದ ಸೈನ್ಯವಲ್ಲ, ಕ್ರೈಸ್ತ ದೊರೆ ಎಂಟನೆಯ ಹೆನ್ರಿಯ ಆಡಳಿತ. 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳೆಲ್ಲ ಮುಚ್ಚಿದವು, ಅವುಗಳ ಆಸ್ತಿ ಅರಸನ ಪಾಲಾಯಿತು. ಬಿನಮ್‌ನ ಮಠ ಹಾಳುಗೋಡೆಯಾಯಿತು. ಆದರೆ ಊರಿನವರು ಪ್ರಾರ್ಥನೆ ಮಾಡುತ್ತಿದ್ದ ಚರ್ಚಿನ ಉದ್ದನೆಯ ಹಜಾರ ಉಳಿಯಿತು. ಇಂದಿಗೂ ಅದೇ ಊರಿನ ಚರ್ಚು. ಅಲ್ಲಿನ ಮರದ ತಡಿಕೆಯ ಮೇಲಿದ್ದ ಸಂತರ ಚಿತ್ರಗಳಿಗೆ ಬಣ್ಣ ಬಳಿದು ಬೈಬಲಿನ ವಾಕ್ಯಗಳನ್ನು ಬರೆದಿದ್ದರು. ಈಗ ಬಣ್ಣ ಸವೆದು, ಅಕ್ಷರಗಳ ನಡುವಿನಿಂದ ಹಳೆಯ ಮುಖಗಳು ಇಣುಕುತ್ತಿವೆ.

ಆದ್ದರಿಂದ ಪೂಜಾಸ್ಥಳಗಳ ಅಳಿವಿಗೆ ಅನ್ಯಧರ್ಮೀಯರೊಬ್ಬರೇ ಕಾರಣ ಎಂಬ ಮಾತು ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಮುಸ್ಲಿಮ್ ಅರಸರ ಸೈನ್ಯ ಯಾವ ಗುಡಿಯನ್ನೂ ಮುಟ್ಟಲಿಲ್ಲ ಎಂದರೆ ಅದೂ ಸುಳ್ಳೇ. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಅವನು ಗೆದ್ದ ಸ್ಥಳಗಳ ಪಟ್ಟಿಯಲ್ಲಿ 'ಮಣ್ಣೈಕ್ಕಡಕ್ಕಂ' ಇದೆ. ಅದು ಈ ಮಣ್ಣೆಯೇ ಎಂದು ಕೆಲವು ವಿದ್ವಾಂಸರು, ರಾಷ್ಟ್ರಕೂಟರ ಮಾನ್ಯಖೇಟವೆಂದು ಇನ್ನು ಕೆಲವರು ವಾದಿಸಿದ್ದಾರೆ. ಯುದ್ಧ ಬರಲಿ ಬಿಡಲಿ, ರಾಜಧಾನಿ ಬೇರೆಡೆಗೆ ಹೋದ ಊರಿನಲ್ಲಿ ದಾನಿಗಳ ಬರವು ತೆಳುವಾಗುತ್ತದೆ. ಅರಮನೆಯನ್ನು ನೆಚ್ಚಿದ ಮಠಗಳಿಗೆ ಅದೊಂದೇ ಪೆಟ್ಟು ಸಾಕು.

ಮಣ್ಣೆಯ ಕಪಿಲೇಶ್ವರ ದೇವಾಲಯವನ್ನು ಕಲಾ ಇತಿಹಾಸಕಾರರು ಗಂಗರ ಕೆತ್ತನೆಗೆ ಉದಾಹರಣೆಯಾಗಿ ಇಂದಿಗೂ ಹೆಸರಿಸುತ್ತಾರೆ. ಶ್ರೀವಿಜಯನ ಬಸದಿ ಮಾತ್ರ ನಮಗೆ ಸಿಗುವುದು ಹೆಚ್ಚಾಗಿ ತಾಮ್ರದ ಹಾಳೆಗಳಲ್ಲಿ. ಬಿ. ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ, ಸೆರೆಯಾದ ಶಿವಮಾರನ ಮಗನ ಪಟವೂ ಸೆರೆಹಿಡಿದವನ ಮಗನ ಪಟವೂ ನೆಲಮಂಗಲ ತಾಲ್ಲೂಕಿನ ಭಾಗದಲ್ಲಿ ಒಂದರ ಪಕ್ಕ ಒಂದು ಬಂದವು.