ವಿಜಾತೀಯ ಉಕ್ಕುಗಳ ಬೆಸುಗೆ: ಪೂರಕ ಲೋಹದ ಆಯ್ಕೆ
ಸಂಯೋಜನೆಯಲ್ಲಿ ಭಿನ್ನವಾದ ಎರಡು ಉಕ್ಕುಗಳನ್ನು ಕೂಡಿಸುವಾಗ ತಾನೂ ಕರಗಿ ಸಂಧಿಯನ್ನು ತುಂಬುವ ಲೋಹವೇ ಪೂರಕ ಲೋಹ. ರೂಢಿಯಲ್ಲಿ ವೆಲ್ಡಿಂಗ್ ರಾಡು. ಹುಳಿಯಾರು, ತಿಪಟೂರುಗಳ ತೆಂಗಿನ ಸೀಮೆಯಲ್ಲಿ ಎಣ್ಣೆಗಾಣದ ಮೈಲ್ಡ್ ಸ್ಟೀಲ್ ಚೌಕಟ್ಟಿಗೆ ಸ್ಟೇನ್‌ಲೆಸ್ ತೊಟ್ಟಿಯನ್ನು ಬೆಸೆಯಬೇಕಾದಲ್ಲಿ, ಸಾಮಾನ್ಯ ರಾಡನ್ನು ಬಳಸಿದರೆ ಕರಗಿದ ಲೋಹಗಳು ಬೆರೆತು ಭಿದುರವಾದ ಮಾರ್ಟೆನ್ಸೈಟ್ ಉದ್ಭವಿಸಿ ಸಂಧಿಯು ಬಿರಿಯಬಹುದಾದ ಕಾರಣ, ಸುಮಾರು ಶೇ. 23 ಕ್ರೋಮಿಯಂ, ಶೇ. 13 ನಿಕಲ್ ಉಳ್ಳ 309ಎಲ್ ರಾಡೇ ಪ್ರಶಸ್ತವೆನಿಸುವುದು. ಇಂತಹ ಬೆರಕೆಯ ಫಲವನ್ನು ಮುಂಗಾಣಲು 1949ರ ಷೆಫ್ಲರ್ ನಕ್ಷೆ ನೆರವಾಗುವುದು. ಮೈಲ್ಡ್ ಸ್ಟೀಲನ್ನು ಟಿಲ್ಲರಿನ ಅಲಗಿನಂಥ ಇಂಗಾಲಾಧಿಕ ಉಕ್ಕಿಗೆ ಬೆಸೆಯುವಲ್ಲಿ, ಜಲಜನಕದಿಂದೊದಗುವ ಬಿರುಕನ್ನು ತಡೆಯಲು, ತೇವವಿಲ್ಲದಂತೆ ಕಾಯಿಸಿಟ್ಟ 7018 ರಾಡೂ ಪೂರ್ವತಾಪನವೂ ಅವಶ್ಯಕ.