ಬೋನಸ್ ಕೇಳಲು ಬಂದ ಸೈನ್ಯ

ಬೋನಸ್ ಎಂದೊಡನೆ ನಮಗೆ ನೆನಪಾಗುವುದು ದೀಪಾವಳಿ, ಗಿರಣಿ ಮತ್ತು ಕಚೇರಿಗಳಲ್ಲಿ ನಡೆಯುವ ಚೌಕಾಸಿ. 1932ರ ಅಮೆರಿಕದಲ್ಲಿ ಇದೇ ಪದ ಒಂದು ಸೈನ್ಯದ ಹೆಸರಾಯಿತು. ಆ ಸೈನ್ಯದ ಕೈಯಲ್ಲಿ ಬಂದೂಕುಗಳಿರಲಿಲ್ಲ, ಸರಕಾರವೇ ಬರೆದುಕೊಟ್ಟ ಪತ್ರಗಳಿದ್ದವು.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಾಮಾನ್ಯ ಸಿಪಾಯಿಗೆ ಸಿಕ್ಕ ಸಂಬಳ ತಿಂಗಳಿಗೆ 30 ಡಾಲರಿನ ಆಸುಪಾಸು. ಊರಲ್ಲೇ ಉಳಿದು ಮದ್ದುಗುಂಡಿನ ಕಾರ್ಖಾನೆ ಸೇರಿದವನು ಅದಕ್ಕಿಂತ ಎಷ್ಟೋ ಹೆಚ್ಚು ಗಳಿಸಿದ್ದನು. ಈ ಅಂತರವನ್ನು ತುಂಬಿಕೊಡಲೆಂದು 1924ರಲ್ಲಿ ಅಲ್ಲಿಯ ಸಂಸತ್ತು, ಅಧ್ಯಕ್ಷ ಕೂಲಿಡ್ಜರ ನಿರಾಕರಣೆಯನ್ನೂ ಮೀರಿ, ಕಾನೂನು ಮಾಡಿತು. ಸ್ವದೇಶದ ಸೇವೆಗೆ ದಿನಕ್ಕೆ 1 ಡಾಲರ್, ಸಾಗರದಾಚೆಯ ಸೇವೆಗೆ 1.25 ಡಾಲರ್. ಆದರೆ ಹೆಚ್ಚಿನವರ ಕೈಗೆ ಬಂದದ್ದು ಹಣವಲ್ಲ, ಒಂದು ಪತ್ರ; ಹಣ ಬರುವುದು 1945ರಲ್ಲಿ. ಕಾನೂನು ಅದನ್ನು ಪರಿಹಾರವೆಂದು ಕರೆಯಿತು, ಜನ ಬೋನಸ್ ಎಂದರು. ಆ ಹೆಸರೇ ಸಿಪಾಯಿಗಳಿಗೆ ಮುಳುವಾಯಿತೆಂದು ನಮಗೆ ತೋರುತ್ತದೆ. ಬಾಕಿ ಕೂಲಿ ಕೇಳುವವನನ್ನು ಯಾರೂ ದುರಾಸೆಯವನೆನ್ನರು. ಬೋನಸ್ ಕೇಳುವವನನ್ನು ಹಾಗೆನ್ನುವುದು ಸುಲಭ.

1929ರಲ್ಲಿ ಷೇರುಪೇಟೆ ಕುಸಿಯಿತು. 1932ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ವರಿಗೊಬ್ಬನಂತೆ ನಿರುದ್ಯೋಗಿ. ಹೊಟ್ಟೆಗಿಲ್ಲದವನಿಗೆ 1945ರ ಹಣದಿಂದ ಏನು ಪ್ರಯೋಜನ? ಆ ವರ್ಷದ ಮೇ ತಿಂಗಳಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಿಂದ, ಮಾಜಿ ಸಾರ್ಜೆಂಟ್ ವಾಲ್ಟರ್ ವಾಟರ್ಸ್ ಎಂಬಾತನ ಜತೆ ಸುಮಾರು 300 ಮಂದಿ ಗೂಡ್ಸ್ ಗಾಡಿಗಳನ್ನೇರಿ ರಾಜಧಾನಿಗೆ ಹೊರಟರು. ದಾರಿಯುದ್ದಕ್ಕೂ ಇತರರು ಸೇರಿದರು. ಕೆಲವು ವಾರಗಳಲ್ಲಿ ವಾಷಿಂಗ್ಟನ್ನಿನಲ್ಲಿ 20 ಸಾವಿರದ ಆಸುಪಾಸು ಮಾಜಿ ಸೈನಿಕರು. ಎಷ್ಟೋ ಮಂದಿಯ ಜತೆ ಹೆಂಡಿರು ಮಕ್ಕಳು.

ಅನಕೋಸ್ಟಿಯಾ ನದಿಯ ದಂಡೆಯ ಕೆಸರು ಬಯಲಿನಲ್ಲಿ ಹಳೆಯ ಹಲಗೆ, ತಗಡು, ರಟ್ಟಿನಿಂದ ಅವರು ಕಟ್ಟಿಕೊಂಡ ಬಿಡಾರ ಒಂದು ಊರೇ ಆಯಿತು. ಕುಡಿತ ಕೂಡದು, ಭಿಕ್ಷೆ ಕೂಡದು ಎಂಬ ಕಟ್ಟಳೆ ಅಲ್ಲಿತ್ತು. ಅಮೆರಿಕದ ಸೈನ್ಯದಲ್ಲೇ ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆಯಾಗಿ ಇಡುತ್ತಿದ್ದ ಕಾಲದಲ್ಲಿ ಈ ಕೇರಿಗಳಲ್ಲಿ ಅವರು ಒಟ್ಟಿಗೆ ವಾಸಿಸಿದರು, ಒಟ್ಟಿಗೆ ಉಂಡರು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಗಮನಾರ್ಹ ಸಂಗತಿ ಇದು. ನಗರದ ಪೊಲೀಸ್ ಮುಖ್ಯಸ್ಥ ಗ್ಲಾಸ್‌ಫರ್ಡ್, ತಾನೂ ಯುದ್ಧ ಕಂಡವನು, ಸ್ವಂತ ಹಣದಿಂದಲೂ ಅವರಿಗೆ ಆಹಾರ ಒದಗಿಸಿದ.

ಜೂನ್ 15ರಂದು ಕೆಳಮನೆ ಹಣ ಕೊಡಲು ಒಪ್ಪಿತು. ಎರಡೇ ದಿನಗಳಲ್ಲಿ ಸೆನೆಟ್ 62-18 ಮತಗಳಿಂದ ತಿರಸ್ಕರಿಸಿತು. ಹೊರಗೆ ಕಾದಿದ್ದ ಸಾವಿರಾರು ಮಂದಿ ದೇಶಭಕ್ತಿಗೀತೆ ಹಾಡಿ ಬಿಡಾರಕ್ಕೆ ಮರಳಿದರು. ಕೆಲವರು ಊರಿಗೆ ಹೋದರು, ಊರಲ್ಲಿ ಏನೂ ಇಲ್ಲದವರು ಉಳಿದರು.

ಜುಲೈ 28ರಂದು ಸರಕಾರಿ ಕಟ್ಟಡಗಳಿಂದ ಅವರನ್ನು ತೆರವು ಮಾಡಿಸುವಾಗ ಪೊಲೀಸರ ಗುಂಡಿಗೆ ಹುಷ್ಕಾ, ಕಾರ್ಲ್‌ಸನ್ ಎಂಬಿಬ್ಬರು ಬಲಿಯಾದರು. ಅಂದೇ ಅಧ್ಯಕ್ಷ ಹೂವರ್ ಸೈನ್ಯವನ್ನು ಕರೆದರು. ದಂಡಿನ ಮುಖ್ಯಸ್ಥ ಮೆಕಾರ್ಥರ್ ಕುದುರೆ ದಳ, ಕಾಲಾಳು, ಟ್ಯಾಂಕುಗಳೊಡನೆ ಬೀದಿಗಿಳಿದ. ಸೇತುವೆ ದಾಟಬೇಡವೆಂಬ ಅಧ್ಯಕ್ಷರ ಸೂಚನೆಯನ್ನೂ ಲೆಕ್ಕಿಸದೆ ನದಿಯಾಚೆಗೆ ನುಗ್ಗಿದ. ಅಶ್ರುವಾಯುವಿನ ನಡುವೆ ಜನ ಓಡಿದರು. ರಾತ್ರಿ ಗುಡಿಸಲುಗಳು ಉರಿದವು. ಕುದುರೆ ದಳದಲ್ಲಿದ್ದ ಪ್ಯಾಟನ್‌ನ ಪ್ರಾಣವನ್ನು 1918ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಉಳಿಸಿದ್ದ ಜೋ ಏಂಜೆಲೋ ಈ ನಿರಾಶ್ರಿತರಲ್ಲೊಬ್ಬ. ಮರುದಿನ ಅವನು ಕಾಣಲು ಬಂದಾಗ ಪ್ಯಾಟನ್ ಅವನನ್ನು ಹೊರಗೆ ಕಳಿಸಿದ.

ಇವರು ಕಮ್ಯುನಿಸ್ಟರು, ಪುಂಡರು ಎಂದು ಸರಕಾರ ಹೇಳಿತು. ಮಾಜಿ ಸೈನಿಕರ ಇಲಾಖೆಯ ಲೆಕ್ಕವೇ ಬೇರೆ: ನೂರಕ್ಕೆ 94 ಮಂದಿಯ ಸೇವಾ ದಾಖಲೆ ಅದರ ಬಳಿಯಿತ್ತು.

ನವೆಂಬರಿನಲ್ಲಿ ಹೂವರ್ ಸೋತರು. ಎಲ್ಲ ಅಪಕೀರ್ತಿಯೂ ಅವರ ತಲೆಗೆ ಬಂತು. ಆದರೆ ಗೆದ್ದ ರೂಸ್‌ವೆಲ್ಟರೂ ಬೋನಸ್‌ಗೆ ವಿರೋಧಿಯೇ ಎಂಬುದನ್ನು ನಾವು ಮರೆಯುವಂತಿಲ್ಲ. 1933ರಲ್ಲಿ ಮತ್ತೆ ಬಂದವರ ಬಳಿಗೆ ಅವರು ಸೈನ್ಯದ ಬದಲು ಪತ್ನಿ ಎಲಿನೋರರನ್ನು ಕಳಿಸಿದರು, ಕಾಮಗಾರಿಗಳಲ್ಲಿ ಕೆಲಸ ಕೊಟ್ಟರು. ಹಾಗೆ ಕೆಲಸ ಪಡೆದ ಮಾಜಿ ಸೈನಿಕರಲ್ಲಿ 250ಕ್ಕೂ ಹೆಚ್ಚು ಮಂದಿ 1935ರ ಸೆಪ್ಟೆಂಬರ್ 2ರಂದು ಫ್ಲಾರಿಡಾದ ದ್ವೀಪಗಳಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತರು. ಅವರನ್ನು ಕರೆತರಲು ಕಳಿಸಿದ ರೈಲು ತಡವಾಗಿತ್ತು.

1936ರ ಜನವರಿಯಲ್ಲಿ ರೂಸ್‌ವೆಲ್ಟರ ನಿರಾಕರಣೆಯನ್ನೂ ಮೀರಿ ಸಂಸತ್ತು ಹಣ ಕೊಡಿಸಿತು. 1944ರಲ್ಲಿ, ಎರಡನೆಯ ಯುದ್ಧ ಇನ್ನೂ ಮುಗಿಯುವ ಮೊದಲೇ, ಮರಳಿ ಬರುವ ಸೈನಿಕರಿಗೆ ಕಾಲೇಜು ಶಿಕ್ಷಣ, ಮನೆಸಾಲ, ನಿರುದ್ಯೋಗ ಭತ್ಯೆ ಕೊಡುವ ಕಾನೂನಿಗೆ ಅದೇ ರೂಸ್‌ವೆಲ್ಟರು ಸಹಿ ಹಾಕಿದರು.