ಪುಲಿ, ಹುಲಿ, ಉಲಿ: ಹೊಗೆನಕಲ್ಲಿನಲ್ಲಿ ನಿಂತು ನೋಡಿದ ಒಂದು ಪದದ ಚರಿತ್ರೆ

ಇವತ್ತಿನ ನನ್ನ ವಿಷಯ ಹುಲಿ. ಕಾಡಿನ ಹುಲಿ ಅಲ್ಲ, ನಿಘಂಟಿನ ಹುಲಿ. ಈ ಪದವನ್ನು ಹಿಡ್ಕೊಂಡು ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲಿಗೆ ಹೋಗೋಣ. ಕಾವೇರಿ ಬಂಡೆಗಳ ನಡುವೆ ಧುಮುಕುವ ಆ ಜಾಗಕ್ಕೂ ಹುಲಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇರೋದು ಒಂದೇ ಅಕ್ಷರದಲ್ಲಿ: ‘ಹ’.

ತಮಿಳು, ತೆಲುಗು, ಮಲಯಾಳಂಗಳಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ಹಳಗನ್ನಡದಲ್ಲೂ ಪುಲಿಯೇ. ಸುಮಾರು 10ನೇ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲಿನ ‘ಪ’ ಮೆಲ್ಲಗೆ ‘ಹ’ ಆಗ್ತಾ ಬಂತು. ಪಾಲ್ ಹಾಲಾಯ್ತು, ಪೆಸರ್ ಹೆಸರಾಯ್ತು, ಪುಲಿ ಹುಲಿಯಾಯ್ತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಬದಲಾವಣೆಯನ್ನು ಗುರುತಿಸಿದ್ದಾನೆ. ‘ಹೆಬ್ಬುಲಿ’ಯನ್ನೇ ಬಿಡಿಸಿ ನೋಡಿ: ಪೆರ್ + ಪುಲಿ. ಮೊದಲಿನ ಪಕಾರ ‘ಹ’ ಆಗಿದೆ. ಒಳಗಿದ್ದ ಪಕಾರ ಮಾತ್ರ ‘ಬ್ಬ’ ಆಗಿ ಉಳ್ಕೊಂಡಿದೆ.

ಹುಲಿಯನ್ನು ಹೊಡೆದ ಸಳನ ಕತೆ ನಮಗೆಲ್ಲ ಗೊತ್ತು. ಅವನಿಗೆ ಕೇಳಿಸಿದ್ದು ‘ಪೊಯ್ ಸಳ’ ಅನ್ನುವ ಕೂಗು ಅಂತ ಐತಿಹ್ಯ. ಶಾಸನಗಳಲ್ಲಿ ಆ ವಂಶ ಪೊಯ್ಸಳವೂ ಹೌದು, ಹೊಯ್ಸಳವೂ ಹೌದು. ಹುಲಿಗೆ ಆದದ್ದೇ ಹುಲಿ ಹೊಡೆದವನ ವಂಶದ ಹೆಸರಿಗೂ ಆಯ್ತು.

ಆದರೆ ಧ್ವನಿ ಒಂದು ದಾರಿ ಹಿಡಿದರೆ ಅರ್ಥ ಇನ್ನೊಂದು ದಾರಿ ಹಿಡಿಯುತ್ತೆ. ಮಲಯಾಳಂನಲ್ಲಿ ‘ಪುಲಿ’ ಅಂದರೆ ಸಾಮಾನ್ಯವಾಗಿ ಚಿರತೆ. ನಮ್ಮ ಹುಲಿಗೆ ಅಲ್ಲಿ ‘ಕಡುವ’. ಕೊಡವರಲ್ಲಿ ಹುಲಿ ‘ನರಿ’! ಹುಲಿ ಕೊಂದ ವೀರನಿಗೆ ಅವರು ಮಾಡ್ತಿದ್ದದ್ದು ನರಿಮಂಗಲ. ಪಾರಸಿಯಲ್ಲಿ ‘ಬಬ್ರ್’ ಹುಲಿ, ‘ಶೇರ್’ ಸಿಂಹ. ಹಿಂದಿಗೆ ಬಂದರೆ ‘ಶೇರ್’ ಎರಡಕ್ಕೂ ಸಲ್ಲುತ್ತೆ, ‘ಬಬ್ಬರ್ ಶೇರ್’ ಅಂದರೆ ಸಿಂಹ. ಹಾಗಾಗಿ ಪದ ಒಂದೇ ಅಂದಾಕ್ಷಣ ಪ್ರಾಣಿಯೂ ಒಂದೇ ಅನ್ನೋ ಹಾಗಿಲ್ಲ.

ಈಗ ಹೊಗೆನಕಲ್ಲು. ಬಂಡೆಗೆ ಅಪ್ಪಳಿಸಿದ ನೀರು ತುಂತುರಾಗಿ ಹೊಗೆಯ ಹಾಗೆ ಏಳುತ್ತೆ. ಹೊಗೆ ಏಳುವ ಕಲ್ಲು. ಹಳಗನ್ನಡದಲ್ಲಿ ಹೊಗೆಗೆ ಪೊಗೆ, ತಮಿಳಲ್ಲಿ ಪುಗೈ, ತೆಲುಗಲ್ಲಿ ಪೊಗ. ಅಂದರೆ ಪುಲಿ–ಹುಲಿ, ಪುಗೈ–ಹೊಗೆ ಒಂದೇ ಸಾಲಿನ ಜೋಡಿಗಳು. ತಮಿಳರು ಈ ಊರನ್ನು ಪುಗೈ ಸೇರಿಸಿ ಕರೆಯಲಿಲ್ಲ, ‘ಒಗೇನಕ್ಕಲ್’ ಅಂದರು. ತಮಿಳು ಪದಗಳ ಮೊದಲಲ್ಲಿ ‘ಹ’ ಇಲ್ಲ, ಅದು ಬಿದ್ದುಹೋಯ್ತು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲೂ ‘ಹ’ ಬಿಡ್ತಾರಲ್ಲ: ಆಲು, ಒಗೆ, ‘ಉಲಿ ಬಂತು’. ಹಾಗಾಗಿ ‘ಒಗೇನಕ್ಕಲ್’ ತಮಿಳು ನಾಲಿಗೆಯಲ್ಲಿ ಆದದ್ದೋ, ಗಡಿಯ ಕನ್ನಡಿಗರ ಬಾಯಿಂದಲೇ ಹಾಗೆ ಹೋದದ್ದೋ, ಎರಡೂ ಸಾಧ್ಯ.

ಇದರಿಂದ ಏನು ಸಿದ್ಧವಾಗುತ್ತೆ? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 2008ರಲ್ಲಿ ಹೊಗೆನಕಲ್ ಕುಡಿಯುವ ನೀರಿನ ಯೋಜನೆಯ ವಿಚಾರದಲ್ಲಿ ಎರಡೂ ರಾಜ್ಯಗಳಲ್ಲಿ ಗಲಾಟೆ ಆಯ್ತು. ಅಂಥ ಹೊತ್ತಲ್ಲಿ ‘ಹೆಸರು ಕನ್ನಡ, ಆದ್ದರಿಂದ ನೆಲವೂ ಕನ್ನಡ’ ಅನ್ನೋ ಮಾತು ಸುಲಭವಾಗಿ ಹುಟ್ಟುತ್ತೆ. ಹೆಸರು ಕನ್ನಡವೇ, ಅದನ್ನು ನಾನೂ ಹೇಳ್ತೀನಿ. ಆದರೆ ‘ಹ’ ಹೇಳೋದು ಇಷ್ಟೇ: ಹೆಸರಿನ ಈ ರೂಪ ಪಕಾರ ಹಕಾರವಾದ ಮೇಲಿನದು, ಆ ಕಾಲದಲ್ಲಿ ಇಲ್ಲಿ ಕನ್ನಡ ಆಡುವ ಜನ ಓಡಾಡ್ತಿದ್ದರು. ಆಗ ಜೊತೆಗೆ ತಮಿಳು ಆಡುವವರು ಇರಲಿಲ್ಲ ಅಂತ ಅದು ಹೇಳೋದಿಲ್ಲ. ಈ ಸೀಮೆಯ ಆಡಳಿತದ ಗೆರೆಗಳೂ ಮತ್ತೆ ಮತ್ತೆ ಬದಲಾಗಿವೆ. 1792ರವರೆಗೆ ಬಾರಾಮಹಲ್ ಟಿಪ್ಪುವಿನ ಕೈಲಿತ್ತು, ಆಮೇಲೆ ಕಂಪನಿಗೆ ಹೋಯ್ತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯ್ತು. ಹೆಸರು ಇವು ಯಾವುದಕ್ಕೂ ಕಾಯಲಿಲ್ಲ.

ನನಗೆ ಮುಖ್ಯ ಅನ್ನಿಸೋದು ಬೇರೆ. ತಮಿಳು ಮಾತಾಡುವವರು ಈ ಹೆಸರನ್ನು ಅನುವಾದ ಮಾಡಲಿಲ್ಲ, ಕೇಳಿದ ಹಾಗೇ ಇಟ್ಟುಕೊಂಡರು. ಕಿವಿಗೊಟ್ಟು ಕೇಳುವ ನೆರೆಹೊರೆ ಇಲ್ಲದೆ ಅದು ಆಗೋದಿಲ್ಲ. ಸ್ಥಳನಾಮವನ್ನು ಹಕ್ಕುಪತ್ರದ ಹಾಗೆ ಓದಿದರೆ ಈ ನೆರೆಹೊರೆಯ ಸಾಕ್ಷಿಯೇ ಕಣ್ತಪ್ಪಿ ಹೋಗುತ್ತೆ. ನಿಮ್ಮ ಪ್ರಶ್ನೆಗಳನ್ನು ಎದುರು ನೋಡ್ತೀನಿ.